ಎರಡು ವೋಲ್ಟೇಜ್ ಮೂಲ, ಮೂರು ರೆಸಿಸ್ಟರ್: ಲೆಕ್ಕದ ಕರೆಂಟಿಗೂ ಮೀಟರಿನ ಕರೆಂಟಿಗೂ ತಾಳೆಯಾಗುತ್ತಿಲ್ಲ

ನೀಲಿ ಎಲ್‌ಇಡಿ

ಎಲ್ಲರಿಗೂ ನಮಸ್ಕಾರ. ಕಿರ್ಚಾಫ್ ನಿಯಮದ (ಜಂಕ್ಷನ್‌ಗೆ ಬರುವ ಕರೆಂಟ್ ಹೋಗುವುದಕ್ಕೆ ಸಮ, ಲೂಪ್ ಅಂದರೆ ಮುಚ್ಚಿದ ಸುತ್ತಿನಲ್ಲಿ ವೋಲ್ಟೇಜುಗಳ ಮೊತ್ತ ಸೊನ್ನೆ) ಲೆಕ್ಕಗಳನ್ನು ಕಾಗದದ ಮೇಲೆ ಬಿಡಿಸಿ, ಅದೇ ಸರ್ಕ್ಯೂಟನ್ನು ಬ್ರೆಡ್‌ಬೋರ್ಡಿನಲ್ಲಿ (ಬೆಸುಗೆಯಿಲ್ಲದೆ ಭಾಗಗಳನ್ನು ತೂತಿಗೆ ಚುಚ್ಚಿ ಜೋಡಿಸುವ ಹಲಗೆ) ಕಟ್ಟಿ ಅಳೆದು ನೋಡುತ್ತಿದ್ದೇನೆ. ಒಂದೇ ಮೂಲ ಇರುವ ಸರ್ಕ್ಯೂಟುಗಳೆಲ್ಲ ಸರಿಯಾಗಿ ಬಂದವು. ಎರಡು ಮೂಲ ಇರುವುದರಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತಿದೆ.

ಸರ್ಕ್ಯೂಟ್ ಹೀಗಿದೆ. 12 ವೋಲ್ಟ್ ಅಡಾಪ್ಟರಿನ ಪ್ಲಸ್‌ನಿಂದ ಆರ್1 (100 ಓಮ್) ಮೂಲಕ ಒಂದು ಜಂಕ್ಷನ್ ಸೇರುತ್ತದೆ, ಅದಕ್ಕೆ ಎ ಎಂದು ಗುರುತು ಹಾಕಿದ್ದೇನೆ. ಅದೇ ಅಡಾಪ್ಟರಿನಿಂದ ಒಂದು 7805 ರೆಗ್ಯುಲೇಟರ್ ಐಸಿಗೂ ಇನ್‌ಪುಟ್ ಕೊಟ್ಟಿದ್ದೇನೆ. ಅದರ 5 ವೋಲ್ಟ್ ಔಟ್‌ಪುಟ್ ಆರ್2 (220 ಓಮ್) ಮೂಲಕ ಎ ಜಂಕ್ಷನ್‌ಗೆ ಬರುತ್ತದೆ. ಎ ಇಂದ ಗ್ರೌಂಡಿಗೆ ಆರ್3 (470 ಓಮ್). ಎಲ್ಲವೂ ಕಾಲು ವ್ಯಾಟ್, ಶೇ. 5ರ ರೆಸಿಸ್ಟರುಗಳು. ಐಸಿಯ ಎರಡೂ ಕಡೆ ಕೆಪಾಸಿಟರ್ ಇದೆ.

ಐ1 ಮತ್ತು ಐ2 ಎರಡೂ ಎ ಕಡೆಗೆ ಬರುತ್ತವೆ, ಐ3 ಎ ಇಂದ ಗ್ರೌಂಡಿಗೆ ಹೋಗುತ್ತದೆ ಎಂದಿಟ್ಟುಕೊಂಡು ಲೆಕ್ಕ ಮಾಡಿದೆ. ಉತ್ತರ:

ಐ1 = 34.4 ಮಿಲಿಆಂಪ್
ಐ2 = −16.2 ಮಿಲಿಆಂಪ್
ಐ3 = 18.2 ಮಿಲಿಆಂಪ್
ಎ ಜಂಕ್ಷನ್ ವೋಲ್ಟೇಜ್ = 8.56 ವೋಲ್ಟ್

ಅಳತೆಗೆ ಆಮೀಟರ್ ಸೇರಿಸಲಿಲ್ಲ, ಒಂದೊಂದು ರೆಸಿಸ್ಟರಿನ ಮೇಲೂ ವೋಲ್ಟೇಜ್ ಇಳಿತ ನೋಡಿದೆ. ಆರ್1 ಮೇಲೆ 2.29 ವೋಲ್ಟ್, ಆರ್3 ಮೇಲೆ 9.85 ವೋಲ್ಟ್. ಆರ್2 ಮೇಲೆ ಬರೀ 0.42 ವೋಲ್ಟ್, ಅದೂ ಎ ಕಡೆಯೇ ಪ್ಲಸ್. ಓಮ್‌ನಿಂದ ಭಾಗಿಸಿದರೆ ಸುಮಾರು 22.9, 21.0 ಮತ್ತು −1.9 ಮಿಲಿಆಂಪ್. ಜಂಕ್ಷನ್ ನಿಯಮ ಮಾತ್ರ ಸರಿಹೋಗುತ್ತಿದೆ: 22.9 − 1.9 = 21.0. ಆದರೆ ಲೆಕ್ಕದ ಬೆಲೆಗೆ ಯಾವುದೂ ಹತ್ತಿರವಿಲ್ಲ. ಶೇ. 5ರ ರೆಸಿಸ್ಟರಿನಿಂದ ಇಷ್ಟು ಅಂತರ ಬರುವುದಿಲ್ಲ ಅಲ್ಲವೇ? ಸಮೀಕರಣದಲ್ಲಿ ಚಿಹ್ನೆ ಎಲ್ಲಾದರೂ ತಿರುಗಿದೆಯೇ, ಅಥವಾ ಬೋರ್ಡಿನಲ್ಲಿ ಏನಾದರೂ ಇದೆಯೇ?

---

ಕುಣಿಕೆ ನಿಯಮ

ನಿಮ್ಮ ಲೆಕ್ಕ ಸರಿಯಿದೆ. ಎರಡು ದಾರಿಯಲ್ಲಿ ಮಾಡಿ ತೋರಿಸುತ್ತೇನೆ, ಆಗ ಚಿಹ್ನೆಯ ಅನುಮಾನ ಪೂರ್ತಿ ಹೋಗುತ್ತದೆ.

ಮೊದಲು ನೋಡ್ (ಅಂದರೆ ಜಂಕ್ಷನ್) ವಿಧಾನ. ಗ್ರೌಂಡ್ ಸೊನ್ನೆ, ಎ ಜಂಕ್ಷನ್‌ನ ವೋಲ್ಟೇಜ್ ವಿ. ಗೊತ್ತಿಲ್ಲದ್ದು ಇದೊಂದೇ, ಆದ್ದರಿಂದ ಒಂದೇ ಸಮೀಕರಣ ಸಾಕು:

(12 − ವಿ) ÷ 100 + (5 − ವಿ) ÷ 220 = ವಿ ÷ 470

ರೋಧವನ್ನು ಕಿಲೋಓಮ್‌ನಲ್ಲಿ ಬರೆದರೆ ಕರೆಂಟ್ ನೇರವಾಗಿ ಮಿಲಿಆಂಪ್‌ನಲ್ಲಿ ಬರುತ್ತದೆ, ಸೊನ್ನೆಗಳನ್ನು ಎಣಿಸುವ ಕಷ್ಟ ಇರುವುದಿಲ್ಲ. 1 ÷ 0.1 = 10, 1 ÷ 0.22 = 4.545, 1 ÷ 0.47 = 2.128. ಹಾಗಾಗಿ

12 × 10 + 5 × 4.545 = ವಿ × (10 + 4.545 + 2.128)
142.73 = 16.673 × ವಿ

ವಿ = 8.56. ಉಳಿದದ್ದು ಬರೀ ಓಮ್ ನಿಯಮ. (12 − 8.56) ÷ 0.1 = 34.4, (5 − 8.56) ÷ 0.22 = −16.2, 8.56 ÷ 0.47 = 18.2. ನಿಮ್ಮದೇ ಉತ್ತರ.

ಈಗ ಲೂಪ್ ವಿಧಾನ. 12 ವೋಲ್ಟ್ ಇರುವ ಎಡ ಲೂಪಿನಲ್ಲಿ ಕರೆಂಟ್ ಎಕ್ಸ್, 5 ವೋಲ್ಟ್ ಇರುವ ಬಲ ಲೂಪಿನಲ್ಲಿ ವೈ, ಎರಡೂ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ. ಆರ್3 ಎರಡಕ್ಕೂ ಸೇರಿದ್ದು, ಅದರೊಳಗೆ ಹರಿಯುವುದು ಎಕ್ಸ್ − ವೈ.

570 ಎಕ್ಸ್ − 470 ವೈ = 12
−470 ಎಕ್ಸ್ + 690 ವೈ = −5

ನಿರ್ಧಾರಕ 570 × 690 − 470 × 470 = 1,72,400. ಎಕ್ಸ್ = (12 × 690 − 5 × 470) ÷ 1,72,400 = 5930 ÷ 1,72,400, ಅಂದರೆ 34.4 ಮಿಲಿಆಂಪ್. ವೈ = 2790 ÷ 1,72,400, ಅಂದರೆ 16.2 ಮಿಲಿಆಂಪ್. ವೈ ಧನವಾಗಿ ಬಂದಿದೆ. ಅದು ಎ ಇಂದ ಬಲಕ್ಕೆ, 5 ವೋಲ್ಟ್ ಮೂಲದ ಪ್ಲಸ್ ಒಳಕ್ಕೆ ಹೋಗುವ ದಿಕ್ಕು. ನೀವು ಐ2 ಬಾಣವನ್ನು ಉಲ್ಟಾ ಇಟ್ಟಿದ್ದರಿಂದ ಅದೇ ಬೆಲೆ ಮೈನಸ್ ಆಗಿ ಬಂತು. ಮೈನಸ್ ಬಂದಾಗ ಬಾಣ ತಿದ್ದಬೇಡಿ. ನಡುವೆ ಬಾಣ ತಿರುಗಿಸಿ, ಹಳೆಯ ಸಮೀಕರಣದಲ್ಲಿ ಹೊಸ ಚಿಹ್ನೆ ತುಂಬಿದರೆ ಪೂರ್ತಿ ಲೆಕ್ಕ ಕೆಡುತ್ತದೆ. ಮೊದಲು ಇಟ್ಟ ಬಾಣವನ್ನು ಕೊನೆಯವರೆಗೂ ಹಾಗೇ ಬಿಟ್ಟು, ಉತ್ತರ ಬರೆಯುವಾಗ ಮಾತ್ರ ‘ದಿಕ್ಕು ವಿರುದ್ಧ’ ಎಂದು ನಮೂದಿಸಿ.

ಇದನ್ನು ಓದುವ ಬೇರೆಯವರಿಗೆ ಒಂದು ಸೂಚನೆ. ಈ ಸರ್ಕ್ಯೂಟಿನಲ್ಲಿ ಎಡ, ಬಲ, ಹೊರಸುತ್ತು ಎಂದು ಮೂರು ಲೂಪ್ ಕಾಣುತ್ತವೆ. ಮೂರಕ್ಕೂ ಸಮೀಕರಣ ಬರೆದು ಬಿಡಿಸಲು ಹೊರಟರೆ ಕೊನೆಗೆ 0 = 0 ಸಿಗುತ್ತದೆ, ಏಕೆಂದರೆ ಹೊರಸುತ್ತು ಉಳಿದೆರಡರ ಮೊತ್ತ. ಕವಲುಗಳ ಸಂಖ್ಯೆಯಿಂದ ಜಂಕ್ಷನ್‌ಗಳ ಸಂಖ್ಯೆ ಕಳೆದು ಒಂದು ಕೂಡಿಸಿದರೆ ಎಷ್ಟು ಸ್ವತಂತ್ರ ಲೂಪ್ ಬೇಕೆಂದು ಗೊತ್ತಾಗುತ್ತದೆ. ಇಲ್ಲಿ 3 − 2 + 1 = 2.

ಇನ್ನು ಬೋರ್ಡಿನ ವಿಷಯ. 5 ವೋಲ್ಟ್ ಕವಲು ಪೂರ್ತಿ ಕಡಿದುಹೋಗಿದ್ದರೆ ಎ ವೋಲ್ಟೇಜ್ 12 × 470 ÷ 570 = 9.89 ಆಗುತ್ತದೆ. ನಿಮ್ಮ 9.85 ಅದಕ್ಕೆ ತುಂಬ ಹತ್ತಿರ. 7805ರ ನಡುವಿನ ಕಾಲು ಗ್ರೌಂಡ್ ಪಟ್ಟಿಗೆ ಸರಿಯಾಗಿ ಕೂತಿದೆಯೇ ನೋಡಿ. ಉದ್ದನೆಯ ಬ್ರೆಡ್‌ಬೋರ್ಡುಗಳಲ್ಲಿ ಕೆಲವಕ್ಕೆ ಕೆಂಪು-ನೀಲಿ ಪಟ್ಟಿ ನಡುವೆ ತುಂಡಾಗಿರುತ್ತದೆ, ಗೆರೆಯ ಬಣ್ಣ ನಡುವೆ ನಿಂತಿದ್ದರೆ ಅಲ್ಲೊಂದು ಜಂಪರ್ ಬೇಕು.

---

ಬೆಸುಗೆ ಹೊಗೆ

ಕುಣಿಕೆ ನಿಯಮ ಅವರ ಲೆಕ್ಕದ ಭಾಗಕ್ಕೆ ಸೇರಿಸುವುದೇನೂ ಇಲ್ಲ. ಆದರೆ ಕವಲು ಕಡಿದಿದೆ ಎಂಬುದು ಅಳತೆಗೆ ಹೊಂದುವುದಿಲ್ಲ. ಕಡಿದಿದ್ದರೆ ಆರ್2 ಮೇಲೆ ಸೊನ್ನೆ ವೋಲ್ಟ್ ಇರಬೇಕಿತ್ತು. 0.42 ವೋಲ್ಟ್ ಇದೆ, ಅಂದರೆ 1.9 ಮಿಲಿಆಂಪ್ 7805 ಕಡೆಗೆ ಹೋಗುತ್ತಿದೆ.

ಪ್ರಶ್ನೆ ಕೇಳಿದವರೇ, ಒಂದು ಜಾಗವನ್ನು ನೀವು ಅಳೆದಿಲ್ಲ: 7805ರ ಔಟ್‌ಪುಟ್ ಕಾಲು. ನಿಮ್ಮ ಅಂಕಿಗಳಿಂದಲೇ ಅದನ್ನು ಹೇಳಬಹುದು. ಎ ಹತ್ತಿರ 9.85, ಆರ್2 ಮೇಲೆ ಇಳಿತ 0.42. ಆದ್ದರಿಂದ ಔಟ್‌ಪುಟ್ ಕಾಲಿನಲ್ಲಿ 9.43 ವೋಲ್ಟ್ ನಿಂತಿದೆ. ನಿಮ್ಮ 5 ವೋಲ್ಟ್ ಮೂಲ ಈ ಕ್ಷಣ 5 ವೋಲ್ಟ್ ಮೂಲವಾಗಿಯೇ ಇಲ್ಲ. ಕಿರ್ಚಾಫ್ ನಿಯಮ ಎಲ್ಲೂ ಮುರಿದಿಲ್ಲ, ಸಮೀಕರಣಕ್ಕೆ ಹಾಕಿದ 5 ಎಂಬ ಅಂಕಿ ಮಾತ್ರ ಬೋರ್ಡಿನಲ್ಲಿ ಇಲ್ಲ.

ಕಾರಣ ಇದು. ಪುಸ್ತಕದ ವೋಲ್ಟೇಜ್ ಮೂಲ ಕರೆಂಟ್ ಕೊಡಲೂ ಬಲ್ಲದು, ತೆಗೆದುಕೊಳ್ಳಲೂ ಬಲ್ಲದು. ಯಾವ ದಿಕ್ಕಿನಲ್ಲಿ ಹರಿದರೂ ತನ್ನ ವೋಲ್ಟೇಜ್ ಬಿಡುವುದಿಲ್ಲ. 7805ರ ಒಳಗೆ ಇನ್‌ಪುಟ್‌ನಿಂದ ಔಟ್‌ಪುಟ್‌ಗೆ ಕರೆಂಟ್ ಬಿಡುವ ಟ್ರಾನ್ಸಿಸ್ಟರ್ ಇದೆ. ಔಟ್‌ಪುಟ್‌ನಿಂದ ಗ್ರೌಂಡಿಗೆ ಎಳೆಯುವ ಟ್ರಾನ್ಸಿಸ್ಟರ್ ಇಲ್ಲ. ಹೊರಗಿನಿಂದ ಯಾರಾದರೂ ಔಟ್‌ಪುಟ್ ಕಾಲನ್ನು 5ಕ್ಕಿಂತ ಮೇಲೆ ಎತ್ತಿದರೆ ಐಸಿ ತನ್ನ ಟ್ರಾನ್ಸಿಸ್ಟರನ್ನು ಪೂರ್ತಿ ಮುಚ್ಚುತ್ತದೆ. ಅಷ್ಟೇ ಅದರ ಕೈಲಾಗುವುದು. ಆಮೇಲೆ ಉಳಿಯುವುದು ಔಟ್‌ಪುಟ್ ವೋಲ್ಟೇಜನ್ನು ಗಮನಿಸಲು ಒಳಗಿರುವ ಕೆಲವು ಸಾವಿರ ಓಮ್‌ನ ವಿಭಾಜಕ (ಔಟ್‌ಪುಟ್‌ನಿಂದ ಗ್ರೌಂಡಿಗೆ ಸರಣಿಯಲ್ಲಿರುವ ರೆಸಿಸ್ಟರುಗಳು). ನಿಮ್ಮ 9.43 ವೋಲ್ಟನ್ನು 1.9 ಮಿಲಿಆಂಪ್‌ನಿಂದ ಭಾಗಿಸಿ ನೋಡಿ, ಸುಮಾರು 5 ಕಿಲೋಓಮ್ ಬರುತ್ತದೆ. ಆ 1.9 ಮಿಲಿಆಂಪ್ ಹೋಗುತ್ತಿರುವ ದಾರಿ ಅದೇ.

ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಆ 5 ವೋಲ್ಟ್ ಪಟ್ಟಿಗೆ ಮೈಕ್ರೋಕಂಟ್ರೋಲರ್, ಸೆನ್ಸರ್, ಯಾವುದಾದರೂ ಬೋರ್ಡ್ ಕೂಡಿಸಿದ್ದರೆ ಈಗಲೇ ಕಿತ್ತುಬಿಡಿ. ಸಣ್ಣ ಕರೆಂಟ್ ಎಳೆಯುವ ಚಿಪ್ ಆ ಏರಿಕೆಯನ್ನು ತಡೆಯಲಾರದು, 5 ವೋಲ್ಟಿನ ಭಾಗಕ್ಕೆ ಒಂಬತ್ತು ವೋಲ್ಟ್ ತಲುಪಿದರೆ ಅದು ಉಳಿಯುವುದಿಲ್ಲ. ಹೆಚ್ಚು ವೋಲ್ಟೇಜಿನ ಪಟ್ಟಿಯಿಂದ ಕಡಿಮೆ ವೋಲ್ಟೇಜಿನ ಪಟ್ಟಿಗೆ ರೆಸಿಸ್ಟರ್ ಮೂಲಕ ದಾರಿ ಇರುವ ಸರ್ಕ್ಯೂಟುಗಳಲ್ಲಿ ಚಿಪ್‌ಗಳು ‘ಕಾರಣವಿಲ್ಲದೆ’ ಸುಡುವುದು ಹೀಗೆಯೇ.

ಪರಿಹಾರ ಸುಲಭ. 7805 ಔಟ್‌ಪುಟ್‌ನಿಂದ ನೇರ ಗ್ರೌಂಡಿಗೆ ಒಂದು ರೆಸಿಸ್ಟರ್ ಹಾಕಿ. ಲೆಕ್ಕದ ಪ್ರಕಾರ ಒಳಬರುವ ಕರೆಂಟ್ 16.2 ಮಿಲಿಆಂಪ್. 5 ವೋಲ್ಟಿನಲ್ಲಿ ಈ ರೆಸಿಸ್ಟರ್ ಅದಕ್ಕಿಂತ ಹೆಚ್ಚು ಎಳೆಯಬೇಕು, ಅಂದರೆ 5 ÷ 0.0162 = 309 ಓಮ್‌ಗಿಂತ ಕಡಿಮೆ ಇರಬೇಕು. ನಿಮ್ಮ ಹತ್ತಿರ 220 ಓಮ್ ಇದ್ದೇ ಇದೆ (ಕೆಂಪು, ಕೆಂಪು, ಕಂದು). ಅದು 22.7 ಮಿಲಿಆಂಪ್ ಎಳೆಯುತ್ತದೆ, 16.2 ಎ ಕಡೆಯಿಂದ ಬರುತ್ತದೆ, ಉಳಿದ 6.5ನ್ನು 7805 ಕೊಡುತ್ತದೆ. ಐಸಿ ಕೊಡುವ ಸ್ಥಿತಿಯಲ್ಲಿರುವವರೆಗೂ 5 ವೋಲ್ಟ್ ಗಟ್ಟಿಯಾಗಿ ನಿಲ್ಲುತ್ತದೆ. ರೆಸಿಸ್ಟರಿನಲ್ಲಿ 0.11 ವ್ಯಾಟ್, ಕಾಲು ವ್ಯಾಟಿನದು ಸಾಕು. 309ರ ಗಡಿಗೆ ಅಂಟಿಕೊಂಡು 300 ಓಮ್ ಹಾಕಬೇಡಿ, ಶೇ. 5ರ ಏರುಪೇರೇ ಅದನ್ನು ಆಚೆಗೆ ದಾಟಿಸುತ್ತದೆ. 470 ಹಾಕಿದರೆ ಅರ್ಧ ಕೆಲಸವಾಗುತ್ತದೆ: ಔಟ್‌ಪುಟ್ 5.8 ವೋಲ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದು ಇನ್ನೂ ಮೋಸದ ಅಂಕಿ, ಏಕೆಂದರೆ ಮೇಲ್ನೋಟಕ್ಕೆ ಸರಿಯಾದಂತೆ ಕಾಣುತ್ತದೆ.

7805 ಬದಲು ಬೇರೆ ಮೂಲ ಬೇಕೆಂದರೆ ನಾಲ್ಕು ರೀಚಾರ್ಜ್ ಆಗುವ ನಿಕಲ್ ಸೆಲ್‌ಗಳನ್ನು ಸರಣಿಯಲ್ಲಿ ಹಾಕಿ, ಸುಮಾರು 4.8 ವೋಲ್ಟ್ ಸಿಗುತ್ತದೆ, 16 ಮಿಲಿಆಂಪ್‌ ಚಾರ್ಜಿಂಗ್ ಅವಕ್ಕೆ ಏನೂ ಅಲ್ಲ. ಸಾಮಾನ್ಯ ಪೆನ್ಸಿಲ್ ಸೆಲ್ ಅಥವಾ 9 ವೋಲ್ಟ್ ಬ್ಯಾಟರಿಗೆ ಒಳಮುಖವಾಗಿ ಕರೆಂಟ್ ತಳ್ಳಬೇಡಿ, ಸೋರುತ್ತವೆ. ಗುಂಡಿಯಂತಹ ಲಿಥಿಯಂ ಸೆಲ್‌ಗೆ ಖಂಡಿತ ಬೇಡ. ಇನ್ನೊಂದು ದಾರಿಯೂ ಇದೆ. ಈ ಸರ್ಕ್ಯೂಟಿನಲ್ಲಿ ಎರಡನೇ ಮೂಲಕ್ಕೆ ಕರೆಂಟ್ ತೆಗೆದುಕೊಳ್ಳುವ ಕೆಲಸ ಮಾತ್ರ ಇರುವುದರಿಂದ 7805ನ್ನೇ ತೆಗೆದು, ಆ ಜಾಗದಲ್ಲಿ 5.1 ವೋಲ್ಟಿನ ಝೀನರನ್ನು (ಉಲ್ಟಾ ದಿಕ್ಕಿನಲ್ಲಿ ನಿಗದಿತ ವೋಲ್ಟೇಜನ್ನು ಹಿಡಿದಿಡುವ ಡಯೋಡ್) ಕ್ಯಾಥೋಡ್ ಆರ್2 ಕಡೆಗಿರುವಂತೆ ಕೂರಿಸಿದರೂ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೆ.

---

ನೀಲಿ ಎಲ್‌ಇಡಿ

ಇಬ್ಬರಿಗೂ ಧನ್ಯವಾದ. ಔಟ್‌ಪುಟ್ ಕಾಲಿನಲ್ಲಿ 9.43 ವೋಲ್ಟೇ ಇತ್ತು. 220 ಓಮ್ ಹಾಕಿದ ಕೂಡಲೇ 4.97ಕ್ಕೆ ಇಳಿದು ನಿಂತಿತು. ಈಗ ಎ ಹತ್ತಿರ 8.64, ಆರ್1 ಮೇಲೆ 3.50, ಆರ್2 ಮೇಲೆ 3.67 ವೋಲ್ಟ್.

ಇನ್ನೆರಡು ಪ್ರಶ್ನೆ. ಲೆಕ್ಕದ 8.56ಕ್ಕೂ 8.64ಕ್ಕೂ ಇರುವ ಅಂತರವನ್ನು ಹಾಗೇ ಬಿಡಬಹುದೇ? ಮತ್ತೆ, ಎಲ್‌ಟಿಸ್ಪೈಸ್ ಎಂಬ ಸರ್ಕ್ಯೂಟ್ ಸಿಮ್ಯುಲೇಟರಿನಲ್ಲಿ ಇದೇ ಸರ್ಕ್ಯೂಟ್ ಬರೆದರೆ 12 ವೋಲ್ಟ್ ಮೂಲದ ಕರೆಂಟ್ −34.4 ಎಂದು, 5 ವೋಲ್ಟಿನದು +16.2 ಎಂದು ಬರುತ್ತಿದೆ. ಕೊಡುತ್ತಿರುವ ಮೂಲಕ್ಕೆ ಮೈನಸ್ ಏಕೆ?

---

ಮೂರೂವರೆ ಅಂಕಿ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಸ್ಪೈಸ್ ಕುಟುಂಬದ ಎಲ್ಲ ಸಿಮ್ಯುಲೇಟರುಗಳೂ ವೋಲ್ಟೇಜ್ ಮೂಲದ ಕರೆಂಟನ್ನು ಪ್ಲಸ್ ತುದಿಯಲ್ಲಿ ಒಳಹೊಕ್ಕು, ಮೂಲದೊಳಗೆ ಹರಿದು, ಮೈನಸ್ ತುದಿಯಲ್ಲಿ ಹೊರಬರುವ ದಿಕ್ಕಿನಲ್ಲಿ ಎಣಿಸುತ್ತವೆ. ಕರೆಂಟ್ ಕೊಡುವ ಬ್ಯಾಟರಿಗೆ ಮೈನಸ್, ಚಾರ್ಜ್ ಆಗುವ ಬ್ಯಾಟರಿಗೆ ಪ್ಲಸ್. ರೆಸಿಸ್ಟರಿನ ಕರೆಂಟಿಗೆ ದಿಕ್ಕು ನೀವು ಚಿತ್ರದಲ್ಲಿ ಅದನ್ನು ಹೇಗೆ ತಿರುಗಿಸಿ ಇಟ್ಟಿರಿ ಎಂಬುದರ ಮೇಲೆ ಹೋಗುತ್ತದೆ. ಆದ್ದರಿಂದ ಸಿಮ್ಯುಲೇಟರಿನ ಚಿಹ್ನೆಯನ್ನು ಹಾಗೇ ನಕಲು ಮಾಡಬೇಡಿ. ಎರಡು ತುದಿಗಳ ವೋಲ್ಟೇಜ್ ನೋಡಿ, ಹೆಚ್ಚಿನಿಂದ ಕಡಿಮೆಗೆ ಬಾಣ ಹಾಕಿ. ಇನ್ನೊಂದು ಮಾತು: ಸಿಮ್ಯುಲೇಟರಿನ 5 ವೋಲ್ಟ್ ಮೂಲವೂ ಪುಸ್ತಕದ ಮೂಲವೇ, ಎಷ್ಟು ಕರೆಂಟ್ ತಳ್ಳಿದರೂ ನುಂಗುತ್ತದೆ. ಬೆಸುಗೆ ಹೊಗೆ ಅವರು ಹೇಳಿದ ತೊಂದರೆ ಅಲ್ಲಿ ಕಾಣಬೇಕಾದರೆ ಮೂಲದ ಪ್ಲಸ್‌ಗೆ ಸರಣಿಯಲ್ಲಿ, ಹೊರಮುಖವಾಗಿ ಒಂದು ಡಯೋಡ್ ಹಾಕಬೇಕು. ಆಗ ಒಳಬರುವ ಕರೆಂಟ್ ನಿಲ್ಲುತ್ತದೆ, ಎ ವೋಲ್ಟೇಜ್ 9.89ಕ್ಕೆ ಏರುತ್ತದೆ.

8.64ರ ವಿಷಯ. ಅಂತರವನ್ನು ಬಿಡಬೇಡಿ, ಅದರ ಮೂಲ ಹುಡುಕುವುದು ಕಷ್ಟವಲ್ಲ. ಕರೆಂಟ್ ಆಫ್ ಮಾಡಿ, ಒಂದೊಂದು ರೆಸಿಸ್ಟರಿನ ಒಂದು ಕಾಲು ಬೋರ್ಡಿನಿಂದ ಕಿತ್ತು, ಮೀಟರಿನಲ್ಲಿ ಓಮ್ ನೋಡಿ. ಕಾಲು ಕೀಳದೆ ಅಳೆದರೆ ಉಳಿದ ಸರ್ಕ್ಯೂಟ್ ಸಮಾಂತರವಾಗಿ ಸೇರಿ ಕಡಿಮೆ ತೋರಿಸುತ್ತದೆ. ಆಮೇಲೆ ಅಡಾಪ್ಟರಿನ ನಿಜವಾದ ವೋಲ್ಟೇಜನ್ನು ಲೋಡ್ ಇರುವಾಗಲೇ ಅಳೆಯಿರಿ. ನಿಮ್ಮ ಅಂಕಿಗಳಲ್ಲಿ ಅದು ಆಗಲೇ ಇದೆ: 8.64 + 3.50 = 12.14. ಆರ್1 ನೂರರ ಬದಲು 98.7 ಓಮ್, ಆರ್2 218, ಆರ್3 464 ಎಂದು ಬಂದರೆ (ಶೇ. 5ರ ರೆಸಿಸ್ಟರಿನಲ್ಲಿ ಇದು ತೀರ ಸಾಮಾನ್ಯ) ಸಮೀಕರಣ ಹೀಗಾಗುತ್ತದೆ:

12.14 ÷ 98.7 + 4.97 ÷ 218 = ವಿ × (1 ÷ 98.7 + 1 ÷ 218 + 1 ÷ 464)

ಉತ್ತರ 8.64. ನಿಮ್ಮ ರೆಸಿಸ್ಟರುಗಳ ನಿಜ ಬೆಲೆ ತುಂಬಿ ನೀವೇ ನೋಡಿ. ಮೂಲ ಮತ್ತು ರೋಧ ಎರಡನ್ನೂ ಅಳೆದೇ ಸಮೀಕರಣಕ್ಕೆ ಹಾಕಿದರೆ ಲೆಕ್ಕಕ್ಕೂ ಅಳತೆಗೂ ಶೇ. 1ರೊಳಗೆ ತಾಳೆಯಾಗಬೇಕು. ಅಷ್ಟಾಗದಿದ್ದರೆ ಎಲ್ಲೋ ಸಡಿಲ ಜೋಡಣೆ ಇದೆ ಅಥವಾ ಬಣ್ಣದ ಪಟ್ಟಿ ತಪ್ಪು ಓದಿದೆ. 220ರ ಮೂರನೇ ಪಟ್ಟಿ ಕಂದು, 22ರದು ಕಪ್ಪು. ಮಂದ ಬೆಳಕಿನಲ್ಲಿ ಇವೆರಡು ಒಂದೇ ರೀತಿ ಕಾಣುತ್ತವೆ.

ಆಮೀಟರನ್ನು ಸರಣಿಯಲ್ಲಿ ಸೇರಿಸದೆ ಇಳಿತ ಅಳೆದದ್ದು ತುಂಬ ಒಳ್ಳೆಯ ಕೆಲಸ. ಅಗ್ಗದ ಮೀಟರಿನ 20 ಮಿಲಿಆಂಪ್ ರೇಂಜಿನಲ್ಲಿ ಸಾಮಾನ್ಯವಾಗಿ 10 ಓಮ್ ಇರುತ್ತದೆ, 200ರ ರೇಂಜಿನಲ್ಲಿ 1 ಓಮ್, ಅದರ ಮೇಲೆ ಫ್ಯೂಸ್ ಮತ್ತು ವೈರಿನದು ಬೇರೆ. ಆರ್2 ಕವಲಿಗೆ 20ರ ರೇಂಜ್ ಸೇರಿಸಿದರೆ 220 ಓಮ್ 230 ಆಗುತ್ತದೆ, ಎ ವೋಲ್ಟೇಜ್ 8.60ಕ್ಕೆ ಹೋಗುತ್ತದೆ, ಮೀಟರ್ 16.2ರ ಬದಲು 15.7 ತೋರಿಸುತ್ತದೆ. ಮೀಟರ್ ಸುಳ್ಳು ಹೇಳುತ್ತಿಲ್ಲ, ಅದು ಸೇರಿದ ಮೇಲೆ ಸರ್ಕ್ಯೂಟೇ ಬೇರೆ. ವೋಲ್ಟ್ ಅಳತೆಯಲ್ಲಿ ಈ ತೊಂದರೆ ಇಲ್ಲಿ ಇಲ್ಲ. ಮೀಟರಿನ 1 ಮೆಗಾಓಮ್ ಅಥವಾ 10 ಮೆಗಾಓಮ್ ಮುಂದೆ ನಿಮ್ಮ ನೂರಿನ್ನೂರು ಓಮ್‌ಗಳು ಏನೇನೂ ಅಲ್ಲ.

ಕೊನೆಯದಾಗಿ, ಉತ್ತರ ಸರಿಯೇ ಎಂದು ನೋಡಲು ಪವರ್ ಲೆಕ್ಕ ಹಾಕಿ. ಜಂಕ್ಷನ್ ನಿಯಮ ಸರಿಹೋದರೆ ಸಾಲದು. ನಿಮ್ಮ ಮೊದಲ ಅಳತೆಯಲ್ಲೂ ಅದು ಸರಿಹೋಗಿತ್ತು! ಮೂಲ ಲೆಕ್ಕದಲ್ಲಿ 12 ವೋಲ್ಟ್ ಮೂಲ ಕೊಡುವುದು 12 × 34.4 = 413 ಮಿಲಿವ್ಯಾಟ್. ಆರ್1ರಲ್ಲಿ 118, ಆರ್2ರಲ್ಲಿ 58, ಆರ್3ರಲ್ಲಿ 156, 5 ವೋಲ್ಟ್ ಮೂಲದೊಳಕ್ಕೆ 81. ಮೊತ್ತ 413. ಒಂದು ಚಿಹ್ನೆ ತಪ್ಪಿದ್ದರೂ ಈ ಎರಡು ಬದಿ ಸಮ ಬರುವುದಿಲ್ಲ.

---

ಡಿಪ್ಲೊಮಾ ಮೂರನೇ ಸೆಮ್

ಇದೇ ಚರ್ಚೆಯಲ್ಲಿ ಕೇಳುತ್ತಿದ್ದೇನೆ, ಹೊಸದು ತೆರೆಯುವುದು ಬೇಡವೆಂದು. ಮೂಲಕ್ಕೆ ಸರಣಿಯಲ್ಲಿ ರೆಸಿಸ್ಟರ್ ಇದ್ದರೆ ನೋಡ್ ವಿಧಾನ ಸಲೀಸು. ಆದರೆ ಮೂಲವೊಂದು ನೇರ ಎರಡು ಜಂಕ್ಷನ್ ನಡುವೆಯೇ ಕೂತಿದ್ದರೆ? ಉದಾಹರಣೆಗೆ 12 ವೋಲ್ಟ್, 100 ಓಮ್, ಜಂಕ್ಷನ್ ಎ. ಎ ಇಂದ ಗ್ರೌಂಡಿಗೆ 470. ಎ ಮತ್ತು ಬಿ ನಡುವೆ 3 ವೋಲ್ಟ್ (ಎರಡು ಪೆನ್ಸಿಲ್ ಸೆಲ್), ಪ್ಲಸ್ ಬಿ ಕಡೆ. ಬಿ ಇಂದ ಗ್ರೌಂಡಿಗೆ 220. ಆ ಸೆಲ್‌ನ ಕರೆಂಟನ್ನು ಎ ಹತ್ತಿರದ ಸಮೀಕರಣದಲ್ಲಿ ಏನೆಂದು ಬರೆಯಬೇಕು? ಅದಕ್ಕೆ ರೋಧವೇ ಇಲ್ಲವಲ್ಲ, ಭಾಗಿಸುವುದು ಯಾವುದರಿಂದ?

---

ಕುಣಿಕೆ ನಿಯಮ

ಭಾಗಿಸಬೇಕಾಗಿಲ್ಲ. ಎ ಮತ್ತು ಬಿ ಎರಡನ್ನೂ ಸೆಲ್ ಸಮೇತ ಒಂದು ಗೆರೆಯೊಳಗೆ ಸುತ್ತಿ, ಆ ಇಡೀ ಗುಂಪಿಗೆ ಒಂದೇ ಜಂಕ್ಷನ್ ಎಂದು ಲೆಕ್ಕ ಹಾಕಿ. ಇದನ್ನು ಸೂಪರ್‌ನೋಡ್ ಎನ್ನುತ್ತಾರೆ. ಸೆಲ್‌ನ ಕರೆಂಟ್ ಗೆರೆಯ ಒಳಗೇ ಓಡಾಡುತ್ತದೆ, ಗೆರೆ ದಾಟುವುದಿಲ್ಲ, ಆದ್ದರಿಂದ ಸಮೀಕರಣಕ್ಕೆ ಬರುವುದೇ ಇಲ್ಲ. ಗೆರೆ ದಾಟುವುದು ಮೂರೇ:

(12 − ಎ) ÷ 100 = ಎ ÷ 470 + ಬಿ ÷ 220

ಗೊತ್ತಿಲ್ಲದ್ದು ಎರಡು. ಎರಡನೇ ಸಮೀಕರಣವನ್ನು ಸೆಲ್ಲೇ ಕೊಡುತ್ತದೆ: ಬಿ = ಎ + 3. ಮೊದಲನೆಯದರಲ್ಲಿ ತುಂಬಿ, ಕಿಲೋಓಮ್ ಲೆಕ್ಕದಲ್ಲಿ:

120 − 13.64 = 16.673 × ಎ

ಎ = 6.38 ವೋಲ್ಟ್, ಬಿ = 9.38 ವೋಲ್ಟ್. 100 ಓಮ್‌ನಲ್ಲಿ 56.2 ಮಿಲಿಆಂಪ್, 470ರಲ್ಲಿ 13.6, 220ರಲ್ಲಿ 42.6. ಸೆಲ್‌ನ ಕರೆಂಟ್ ಈಗ ಸಿಗುತ್ತದೆ: ಬಿ ಇಂದ ಹೊರಹೋಗುವುದು ಪೂರ್ತಿ ಸೆಲ್ ಮೂಲಕವೇ ಬರಬೇಕು, ಆದ್ದರಿಂದ 42.6 ಮಿಲಿಆಂಪ್, ಪ್ಲಸ್‌ನಿಂದ ಹೊರಕ್ಕೆ. ಸೆಲ್ ಕೊಡುತ್ತಿದೆ, ಒಳ್ಳೆಯದು.

ಸೆಲ್ ತಿರುಗಿಸಿ ಪ್ಲಸ್ ಎ ಕಡೆ ಇಟ್ಟರೆ ಬಿ = ಎ − 3 ಆಗುತ್ತದೆ. ಎ 8.02, ಬಿ 5.02, 220ರಲ್ಲಿ 22.8 ಮಿಲಿಆಂಪ್. ಈ ಬಾರಿ ಅದು ಸೆಲ್‌ನ ಪ್ಲಸ್ ಒಳಕ್ಕೆ ಹೋಗುತ್ತದೆ. ಕಾಗದದ ಮೇಲೆ ತೊಂದರೆಯಿಲ್ಲ, ಮೇಲೆ ಹೇಳಿದ ಕಾರಣಕ್ಕೆ ಪೆನ್ಸಿಲ್ ಸೆಲ್ ಹಾಕಿ ಹಾಗೆ ಕಟ್ಟಬೇಡಿ.

ಇದಕ್ಕಿಂತ ಸುಲಭವಾದ ಸಂದರ್ಭವೂ ಇದೆ. ಮೂಲದ ಒಂದು ತುದಿ ಗ್ರೌಂಡಿನಲ್ಲೇ ಇದ್ದರೆ ಇನ್ನೊಂದು ತುದಿಯ ವೋಲ್ಟೇಜ್ ಗೊತ್ತೇ ಇದೆ, ಅಲ್ಲಿ ಜಂಕ್ಷನ್ ಸಮೀಕರಣ ಬರೆಯಲೇಬೇಡಿ. ಬರೆದರೆ ಮೂಲದ ಕರೆಂಟ್ ಎಂಬ ಅನಗತ್ಯ ಅಜ್ಞಾತ ಸೇರಿಕೊಳ್ಳುತ್ತದೆ. ಗ್ರೌಂಡ್ ಎಲ್ಲಿಡಬೇಕೆಂಬ ಆಯ್ಕೆ ನಿಮ್ಮದೇ ಆಗಿದ್ದರೆ ಹೆಚ್ಚು ಮೂಲಗಳು ಸೇರುವ ಜಾಗದಲ್ಲಿಡಿ.

ಮೂರು ನಾಲ್ಕು ಜಂಕ್ಷನ್‌ಗಳ ಸರ್ಕ್ಯೂಟಿಗೆ ಕೈಯಲ್ಲಿ ಬಿಡಿಸುವ ಬದಲು ಮ್ಯಾಟ್ರಿಕ್ಸ್ ಬರೆಯಿರಿ. ಕರ್ಣದಲ್ಲಿ ಆಯಾ ಜಂಕ್ಷನ್‌ಗೆ ತಾಗಿರುವ ಎಲ್ಲ 1 ÷ ಆರ್‌ಗಳ ಮೊತ್ತ, ಉಳಿದ ಮನೆಗಳಲ್ಲಿ ಆ ಎರಡು ಜಂಕ್ಷನ್ ನಡುವಿನ 1 ÷ ಆರ್ ಮೈನಸ್ ಚಿಹ್ನೆಯೊಂದಿಗೆ, ಬಲಬದಿಯಲ್ಲಿ ಮೂಲದಿಂದ ಬರುವ ವೋಲ್ಟ್ ÷ ಆರ್. ರೆಸಿಸ್ಟರ್ ಮತ್ತು ಸರಣಿ ರೋಧವಿರುವ ಮೂಲಗಳಷ್ಟೇ ಇದ್ದರೆ ಮ್ಯಾಟ್ರಿಕ್ಸ್ ಕರ್ಣದ ಎರಡೂ ಬದಿ ಒಂದೇ ಇರಬೇಕು. ಇಲ್ಲದಿದ್ದರೆ ಬರೆಯುವಾಗಲೇ ತಪ್ಪಾಗಿದೆ, ಬಿಡಿಸಲು ಹೋಗಬೇಡಿ.

---

ಬೆಸುಗೆ ಹೊಗೆ

ಡಿಪ್ಲೊಮಾ ಮೂರನೇ ಸೆಮ್ ಅವರೇ, ಪ್ಲಸ್ ಬಿ ಕಡೆ ಇರುವ ಆ ಸರ್ಕ್ಯೂಟನ್ನು ಕಟ್ಟುವ ಮೊದಲು ವ್ಯಾಟ್ ನೋಡಿ. 100 ಓಮ್‌ನಲ್ಲಿ 56.2 ಮಿಲಿಆಂಪ್ ಅಂದರೆ 0.32 ವ್ಯಾಟ್, 220ರಲ್ಲಿ 42.6 ಅಂದರೆ 0.40 ವ್ಯಾಟ್. ಕಾಲು ವ್ಯಾಟಿನವು ಎರಡೂ ಕಡೆ ಸೋಲುತ್ತವೆ. ಕೂಡಲೇ ಸುಡದಿರಬಹುದು, ಆದರೆ ಬಿಸಿಗೆ ಬೆಲೆ ಜರುಗಿ ಅಳತೆ ಕೆಡುತ್ತದೆ, ಬ್ರೆಡ್‌ಬೋರ್ಡಿನ ಪ್ಲಾಸ್ಟಿಕ್ಕೂ ಮೆತ್ತಗಾಗುತ್ತದೆ. ಎರಡೂ ಜಾಗಕ್ಕೆ ಒಂದು ವ್ಯಾಟಿನವನ್ನು ಹಾಕಿ. ಅವುಗಳ ಕಾಲು ದಪ್ಪ, ಬ್ರೆಡ್‌ಬೋರ್ಡಿನ ತೂತಿಗೆ ಒತ್ತಿ ತುರುಕಿದರೆ ಒಳಗಿನ ಕ್ಲಿಪ್ ಸಡಿಲವಾಗುತ್ತದೆ, ಆಮೇಲೆ ಅದೇ ತೂತಿಗೆ ಸಣ್ಣ ರೆಸಿಸ್ಟರ್ ಹಾಕಿದರೆ ತಾಗುವುದಿಲ್ಲ. ಒಂದು ತುಂಡು ಒಂಟಿ ಎಳೆಯ ತಂತಿಯನ್ನು ಕಾಲಿಗೆ ಬೆಸೆದು ಅದನ್ನು ತೂತಿಗೆ ಹಾಕಿ. 220ರ ಜಾಗಕ್ಕೆ ಒಂದು ವ್ಯಾಟ್ ಸಿಗದಿದ್ದರೆ ಕಾಲು ವ್ಯಾಟಿನ 470 ಓಮ್ ಎರಡನ್ನು ಸಮಾಂತರವಾಗಿ ಹಾಕಿದರೆ 235 ಓಮ್ ಆಗುತ್ತದೆ, ಬಿಸಿ ಇಬ್ಭಾಗವಾಗುತ್ತದೆ. ಸಮೀಕರಣದಲ್ಲಿ ಆಗ 220 ಬದಲು 235 ಎಂದು ತಿದ್ದಿಕೊಳ್ಳಿ.